ಒದ್ದೆ ಬಿಲ್ಲೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕಾರ್ಖಾನೆಯ ಕೊಳಚೆ ತೊಟ್ಟಿಗೆ ಇಳಿಯುವ ತರಬೇತಿಯ ಕೊನೆಯ ದಿನ, ಮಟಮಟ ಮಧ್ಯಾಹ್ನ. ಒಳಗೆ ಯಾರಿದ್ದಾರೆಂದು ತಿಳಿಯಲು ಇಳಿಯುವ ಮೊದಲು ಬಿಲ್ಲೆ ಹಾಕಬೇಕೆಂಬ ನಿಯಮದಂತೆ ನನ್ನ ನಂಬರಿನ ಬಿಲ್ಲೆಯನ್ನು ಖಾಲಿ ಹಲಗೆಗೆ ತೂಗುಹಾಕಿದೆ. ಊಟದ ಆತುರದಲ್ಲಿ ವಿಷಗಾಳಿ ಅಳೆಯುವ ಮೀಟರನ್ನು ಒಳಗೆ ಇಳಿಬಿಡದೆಯೇ ಏಣಿಗೆ ಕಾಲಿಟ್ಟೆ.

ಹಿಂದಿನಿಂದ ಯಾರೋ ಬೆಲ್ಟ್ ಹಿಡಿದೆಳೆದರು. ಬೆನ್ನಿಗೆ ತಾಗಿದ ಬೆರಳುಗಳು ಮಂಜುಗಡ್ಡೆಯಂತಿದ್ದವು.

"ಮೊದ್ಲು ಮೀಟರ್ ಬಿಡಪ್ಪಾ."

ಬಿಟ್ಟೆ. ಅದು ಕಿರುಚಿಕೊಂಡಿತು. "ಜೀವ ಉಳಿಸ್ದೆ ಅಣ್ಣಾ" ಎಂದು ತಿರುಗಿದರೆ ಯಾರೂ ಇಲ್ಲ. ಹಲಗೆಯಲ್ಲಿ ನನ್ನ ಬಿಲ್ಲೆಯ ಪಕ್ಕದಲ್ಲೇ ಇನ್ನೊಂದು ಬಿಲ್ಲೆ, ನೀರು ತೊಟ್ಟಿಕ್ಕುತ್ತಿತ್ತು. ತೆಗೆಯಲು ಹೋದೆ.

"ಮುಟ್ಬೇಡ," ಎಂದರು ಓಡಿಬಂದ ತರಬೇತಿಯ ಮೇಷ್ಟ್ರು. "ಮೇಲೆ ಬಂದವ್ನೇ ತನ್ನ ಬಿಲ್ಲೆ ತೆಗೀಬೇಕು. ಇಳಿದ ಅವ್ನು ಇನ್ನೂ ಮೇಲೆ ಬಂದಿಲ್ಲ."

ಹನ್ನೊಂದು ವರ್ಷವಾಯಿತು. ದಿನವೂ ಅದಕ್ಕೆ ಕೈಮುಗಿದೇ ಕೆಲಸಕ್ಕಿಳಿಯುತ್ತೇನೆ. ಬಿಲ್ಲೆ ಇನ್ನೂ ಒಣಗಿಲ್ಲ.