ಮೋರೇರ ಮನಿ ಮುಂದ ಒಂದು ಖಣ

ಭುಜ ಸಿಕ್ಕಿಕೊಂಡಿತ್ತು. ಆನಂದ ಅರ್ಧ ಒಳಗೆ, ಅರ್ಧ ಹೊರಗೆ.

"ಕಾಲು ಹಿಡದು ಜಗ್ಗಲೇನ್ರಿ?" ಹಿಂದಿನಿಂದ ದಾನೇಶ್ವರಿಯ ದನಿ.

"ನಗೋದು ಬಿಟ್ಟು ಜಗ್ರಿ, ಮೇಡಂ!"

ಚಪ್ಪಡಿಯ ದುಂಡನೆ ಕಿಂಡಿಯಿಂದ ಅವನು ಹಿಂದಕ್ಕೆ ಜಾರಿ ಬಂದ. ಒಳಗೆ ನುಸುಳಿದ್ದ ಕುರಿಮರಿ ಈಗ ಅವನ ಕಂಕುಳಲ್ಲಿತ್ತು. ಹುಬ್ಬಿನ ಮೇಲೆ ಜೇಡರ ಬಲೆ. ಅವಳು ಕೈ ಚಾಚಿ ಬಲೆ ತೆಗೆದಳು. ತೆಗೆದ ಮೇಲೂ ಬೆರಳು ಒಂದು ಗಳಿಗೆ ಅಲ್ಲೇ ಉಳಿಯಿತು.

ಹುನಗುಂದದಾಚೆ, ಆನಂದನ ಹೊಲದ ಬದುವಿನಲ್ಲಿದ್ದ ಆ ಕಲ್ಲಿನ ಸಮಾಧಿ ಯಾರದೆಂದು ಯಾರಿಗೂ ಗೊತ್ತಿಲ್ಲ. ಊರವರು ಮೋರೇರ ಮನಿ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಗಿಡ್ಡ ಗಿಡ್ಡ ಜನ ಅದರಲ್ಲಿ ಸಂಸಾರ ಹೂಡಿದ್ದರಂತೆ. ಈಗ ಬಿಸಿಲೇರಿದರೆ ಕುರಿಮರಿ ಕೂಡಿಹಾಕಲಿಕ್ಕೆ, ಇಲ್ಲದಿದ್ದರೆ ಕಸ ಒಗೆಯಲಿಕ್ಕೆ. ಅದನ್ನು ಅಳೆದು ನಕ್ಷೆ ಬರೆಯಲು ನವನಗರದಿಂದ ಬಂದ ದಾನೇಶ್ವರಿ ಇಷ್ಟು ದಿನ ಆನಂದನ ಮನೆಯಲ್ಲೇ ರೊಟ್ಟಿ ಉಂಡಿದ್ದಳು. ಇವತ್ತು ಕೆಲಸ ಮುಗಿಯಿತು. ಸಂಜೆಯ ಬಸ್ಸಿಗೆ ಹೊರಡುತ್ತಾಳೆ.

"ಇದರಾಗ ಒಬ್ಬರ ಇದ್ರೋ, ಇಬ್ಬರೋ?" ಆನಂದ ಕೇಳಿದ.

"ಇಬ್ಬರು ಅಂತ ಬರಕೊಳ್ಳಲೇನು?"

"ಇಬ್ಬರಿಗೆ ಇಕ್ಕಟ್ಟ ಆಗ್ತದಲ್ರಿ."

"ಇಕ್ಕಟ್ಟು ಬೇಕಂತನ ಮಾಡಿರಬೇಕು." ಅವನತ್ತ ನೋಡದೆ ಅವಳು ಟೇಪು ಸುತ್ತಿದಳು. ಕಿವಿ ಮಾತ್ರ ಕೆಂಪಾಗಿತ್ತು.

ಹೇಳಬೇಕಾದ ಮಾತು ಅವನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಕೈ ಬದುವಿನ ಮೇಲಿಟ್ಟಿದ್ದ ಚೀಲಕ್ಕೆ ಹೋಯಿತು.

ಮುಂಜಾನೆ ರೊಟ್ಟಿ ಬಡಿಯುತ್ತಲೇ ಪದ್ಮವ್ವ ಮಗನ ಮುಖ ಓದಿದ್ದಳು. ಟ್ರಂಕು ತೆರೆದು ಕುಪ್ಪಸಕ್ಕೆಂದು ಇಟ್ಟಿದ್ದ ಗುಳೇದಗುಡ್ಡದ ಖಣ ತೆಗೆದಿದ್ದಳು. "ಅವರು ಬಸವಣ್ಣನ ಮಂದಿ, ನಾವು ಬೀರಪ್ಪನ ಒಕ್ಕಲು, ಕೂಡೂ ಮಾತಲ್ಲ. ಮನಿಮಗಳನ್ನ ಕಳಿಸಿದ್ಹಂಗ ಕಳಿಸು. ನಿನ್ನ ಕೈಲೇನ ಕೊಡು."

ಈಗ ಆ ಖಣ ಅವನ ಅಂಗೈ ಮೇಲಿತ್ತು. "ಅವ್ವ ಕೊಟ್ಟಾಳ್ರಿ."

ದಾನೇಶ್ವರಿ ಅದನ್ನು ಬಿಡಿಸಿ ಅಂಚಿನ ಮೇಲೆ ಬೆರಳಾಡಿಸಿದಳು. "ಪಂಚಮಿಗೆ ನಮ್ಮಣ್ಣ ಇಂಥಾದ್ದ ಕೊಡ್ತಾನ."

"ಹೂಂರಿ."

"ನಿನ್ನ ಕೈಲೆ ಇದನ್ನ ತಗೊಂಡ್ರ, ನಾ ನಿನಗ ಏನಾಗ್ತೇನಿ?"

ನಿನ್ನ. ಇಷ್ಟು ದಿನ ಆ ಬಾಯಲ್ಲಿ ಬಂದಿರಲಿಲ್ಲ. ದೂರದ ಡಾಂಬರು ರಸ್ತೆಯಲ್ಲಿ ಬಸ್ಸಿನ ಹಾರ್ನು ಕೇಳಿತು. ಮರಿ ಒದ್ದಾಡಿತು.

"ತಂಗಿ," ಎಂದ ಆನಂದ, ತನಗೇ ಕೇಳಿಸದಷ್ಟು ಮೆಲ್ಲಗೆ.

ಅವಳು ಖಣವನ್ನು ಇದ್ದ ಮಡಿಕೆಯಲ್ಲೇ ಮಡಚಿ ಅವನ ಕೈಗೆ ಇಟ್ಟಳು.

"ನಾ ಒಲ್ಲೆ."