ಅರ್ಧ ನಿಮಿಷ ಮೊದಲು

ವಿನೋದ ಮೊದಲ ಸಲ ಆ ಅಂಗಡಿಗೆ ಬಂದದ್ದು ಪೊಲೀಸ್ ವೆರಿಫಿಕೇಶನ್ ಅರ್ಜಿ ತುಂಬಿಸಲು. ಕುಮಟಾದ ಆ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ನೇತ್ರಾ, ಕೆಲಸದ ಜಾಗ ಎಂಬಲ್ಲಿ ಶ್ರೀಹರಿಕೋಟಾ ಎಂದು ಟೈಪ್ ಮಾಡಿ ತಲೆಯೆತ್ತಿದಳು. ಎದುರಿಗಿದ್ದವನ ಅಂಗಿಗೆ ಮೇಲಿನ ಗುಂಡಿ ಇರಲಿಲ್ಲ.

"ರಾಕೆಟ್ ಬಿಡೂಕೆ ಹೋಗೂದಾ?"

"ಅಲ್ಲ, ಎಸಿ ರಿಪೇರಿ ಮಾಡೂಕೆ," ಎಂದ ಅವನು, ತಪ್ಪೊಪ್ಪಿಕೊಳ್ಳುವವನ ಹಾಗೆ.

ಅವಳಿಗೆ ನಗು ತಡೆಯಲಾಗಲಿಲ್ಲ. ಆ ನಗು ನೋಡಿಯೇ ತಾನು ಕೆಟ್ಟೆ ಎಂದು ಅವನು ಆಮೇಲೆ ಎಷ್ಟೋ ಸಲ ಹೇಳಿದ್ದಾನೆ. ಫೋನ್ ನಂಬರ್ ಅರ್ಜಿಯಲ್ಲೇ ಇತ್ತು. ಅರ್ಜಿ ಪಾಸಾಯಿತೆಂದು ತಿಳಿಸುವ ನೆಪವೂ ಅವಳಿಗೆ ಸಿಕ್ಕಿತು.

ಹೊನ್ನಾವರದ ಹುಡುಗ ಹೋಗಿ ಸೂಳ್ಳೂರುಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದ. ರಾಕೆಟ್ ಹಾರಿಸುವ ದ್ವೀಪಕ್ಕೆ ಅದೇ ಹತ್ತಿರದ ಊರು. ಲಾಂಚ್ ದಿನ ಅವನಂಥ ಗುತ್ತಿಗೆಯವರಿಗೆ ಒಳಗೆ ಕೆಲಸವಿಲ್ಲ. ಅವತ್ತು ಓಣಿಗೆ ಓಣಿಯೇ ಟೆರೇಸ್ ಹತ್ತುತ್ತಿತ್ತು. ಮುದುಕರು ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದರು, ಹೆಂಗಸರು ಒಲೆ ಆರಿಸಿ ಬರುತ್ತಿದ್ದರು. ವಿನೋದ ಮೂಲೆಯಲ್ಲಿ ನಿಂತು ನೇತ್ರಾಗೆ ಫೋನ್ ಮಾಡುತ್ತಿದ್ದ. ಅವಳು ಅಂಗಡಿಯ ಕಂಪ್ಯೂಟರಿನಲ್ಲಿ ನೇರಪ್ರಸಾರ ಹಾಕಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಿದ್ದಳು.

ನೇರಪ್ರಸಾರ ಎಂಬುದು ಹೆಸರಿಗಷ್ಟೇ. ಅವಳ ಪರದೆಗೆ ಅದು ಮುಟ್ಟುವಾಗ ಅರ್ಧ ನಿಮಿಷ ತಡ. ಇಲ್ಲಿ ಇಪ್ಪತ್ತೈದು, ಇಪ್ಪತ್ತನಾಲ್ಕು ಎಂದು ಎಣಿಸುತ್ತಿರುವಾಗಲೇ ಅಲ್ಲಿ ರಾಕೆಟ್ ಏರಿರುತ್ತಿತ್ತು. ಮೊದಲ ಸಲ ವಿನೋದ "ಹೋತು, ಹೋತು" ಎಂದು ಕೂಗಿ ಅವಳ ಮಜವನ್ನೇ ಕೆಡಿಸಿದ. ಅವಳು ಮುನಿಸಿಕೊಂಡು ಎರಡು ದಿನ ಫೋನ್ ಎತ್ತಲಿಲ್ಲ. ಅಂದಿನಿಂದ ಅವನು ಬಾಯಿ ಬಿಡುತ್ತಿರಲಿಲ್ಲ. ಕಣ್ಣೆದುರು ಬೆಂಕಿ ಏರುತ್ತಿದ್ದರೂ ಅವಳಿಗೆ ಕಾಣುವ ತನಕ ಸುಮ್ಮನೆ ಕಾಯುತ್ತಿದ್ದ.

ಆದರೆ ಉಸಿರು ಕೇಳುತ್ತಿತ್ತು. ಅವನು ಒಮ್ಮೆ ಉಸಿರೆಳೆದು ಹಿಡಿದ ಎಂದರೆ ಅಲ್ಲಿ ಹಾರಿತು ಎಂದೇ ಲೆಕ್ಕ. ಮೊದಲು ಅವನ ಉಸಿರು, ಆಮೇಲೆ ಅವಳ ಪರದೆಯಲ್ಲಿ ಬೆಳಕು, ಕೊನೆಗೆ ಅವನ ಫೋನಿನಲ್ಲಿ ಗುಡುಗಿನಂಥ ಸದ್ದು, ಕಿಟಕಿಯ ಗಾಜು ನಡುಗುವುದು. ಈ ಮೂರರಲ್ಲಿ ನೇತ್ರಾಗೆ ಬೇಕಿದ್ದುದು ಮೊದಲನೆಯದು. ಅದನ್ನವಳು ಅವನಿಗೆ ಹೇಳಿರಲಿಲ್ಲ.

ಎರಡು ವರ್ಷದ ಹಿಂದೆ ಅವನ ತಂಗಿ ಅರ್ಚನಾಳನ್ನು ಕುಮಟಾಕ್ಕೆ ಕೊಟ್ಟರು. ಹೆಣ್ಣು ಕೊಟ್ಟು ಹೆಣ್ಣು ತರುವ ಸಂಬಂಧ ಅದು: ಅರ್ಚನಾ ಆ ಮನೆಗೆ, ಆ ಮನೆಯ ಹುಡುಗಿ ಓದು ಮುಗಿಸಿದ ಮೇಲೆ ವಿನೋದನಿಗೆ. ಇವನು ಒಲ್ಲೆ ಎಂದರೆ ತಂಗಿ ಗಂಟುಮೂಟೆ ಕಟ್ಟಿಕೊಂಡು ತವರಿಗೆ ಬರಬೇಕು. ವಿನೋದ ಮುಚ್ಚಿಡಲಿಲ್ಲ, ಅದೇ ವಾರ ಹೇಳಿದ. ನೇತ್ರಾ "ಆತು" ಎಂದಳು. ಮತ್ತೆ ಇಬ್ಬರೂ ಆ ಮಾತೆತ್ತಲಿಲ್ಲ. ರಾಕೆಟ್ಟುಗಳು ಹಾರುತ್ತಲೇ ಇದ್ದವು, ಕೆಲವುಗಳ ದಿನ ಮುಂದೆ ಹೋಗುತ್ತಿತ್ತು. ಮುಂದೆ ಹೋದಾಗೆಲ್ಲ, ಇನ್ನೊಂದು ಸಲ ಕೂರಬಹುದಲ್ಲ ಎಂದು ಅವಳಿಗೆ ಒಳಗೊಳಗೇ ಖುಷಿ. ಅಪ್ಪ ತಂದ ಎರಡು ಸಂಬಂಧಗಳನ್ನು ಏನೇನೋ ನೆಪ ಹೇಳಿ ತಪ್ಪಿಸಿದಳು.

ಈ ಏಪ್ರಿಲ್‌ನಲ್ಲಿ, ಒಂದು ಸೋಮವಾರ ಅರ್ಚನಾ ಅಂಗಡಿಗೆ ಬಂದಳು. ಏಳು ತಿಂಗಳ ಬಸುರಿ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದಳು. ಫೋಟೋದಲ್ಲಿ ನೋಡಿದ್ದ ಮುಖವಾದ್ದರಿಂದ ನೇತ್ರಾಗೆ ಗುರುತು ಸಿಕ್ಕಿತು, ಅವಳಿಗೆ ನೇತ್ರಾ ಯಾರೆಂದು ಗೊತ್ತಿರಲಿಲ್ಲ. ಊರಿಗೆಲ್ಲ ಹಂಚಲು ಅಣ್ಣನ ಮದುವೆ ಕಾಗದ ಮಾಡಿಸಬೇಕು, ಹೆಸರಿನಲ್ಲಿ ತಪ್ಪು ಬರಬಾರದು ಎಂದು ಮಡಚಿದ ಹಾಳೆ ಕೊಟ್ಟಳು. ನೇತ್ರಾ ಅವಳಿಗೆ ಕುರ್ಚಿ ಕೊಟ್ಟು, ನೀರು ಕೊಟ್ಟು, ಫ್ಯಾನು ಅವಳ ಕಡೆ ತಿರುಗಿಸಿ ಟೈಪ್ ಮಾಡಿದಳು. ಚಿ. ವಿನೋದ. ಎರಡು ಸಲ ಓದಿದಳು. ಒಂದು ತಪ್ಪೂ ಇರಲಿಲ್ಲ.

ಮರುದಿನ ವಿನೋದನ ಫೋನ್ ಬಂತು. ರಜೆಯಲ್ಲಿ ಬರುತ್ತಿದ್ದಾನಂತೆ. ಶುಕ್ರವಾರ ಸಂಜೆ ಒಂದು ಲಾಂಚ್ ಇದೆ, ಈ ಸಲ ಒಟ್ಟಿಗೆ ನೋಡುವ ಎಂದ. ಯಾಕೆ ರಜೆ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ.

ಶುಕ್ರವಾರ ಸಂಜೆ ಧಾರೇಶ್ವರದ ದಂಡೆಯಲ್ಲಿ ವಿನೋದ ಬಂದವನೇ ಕಡಲಿಗೆ ಮುಖ ಮಾಡಿ ಕೂತ. ಹೊಸ ಅಂಗಿ, ಎಲ್ಲ ಗುಂಡಿಗಳೂ ಇದ್ದವು. ರಾಕೆಟ್ ಏರುವುದು ಘಟ್ಟದಾಚೆ, ಇನ್ನೊಂದು ಕಡಲಿನ ದಂಡೆಯಲ್ಲಿ. "ನಾಕು ವರ್ಷ ಅಲ್ಲೇ ಇದ್ದೂ ದಿಕ್ಕು ಗೊತ್ತಾಗ್ಲಿಲ್ಲ ನಿಂಗೆ," ಎಂದು ನೇತ್ರಾ ಅವನ ಭುಜ ಹಿಡಿದು ತಿರುಗಿಸಿದಳು. ಅವನನ್ನು ಮುಟ್ಟಿದ್ದು ಅದೇ ಮೊದಲು. ಕೈ ತೆಗೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಕಡಲಿಗೆ ಬೆನ್ನು ಹಾಕಿ ಕೂತು, ಅವಳ ಬ್ಯಾಗಿಗೆ ಫೋನ್ ಒರಗಿಸಿದರು. ನಲವತ್ತು, ಮೂವತ್ತೊಂಬತ್ತು. ನೇತ್ರಾ ಅಭ್ಯಾಸದಂತೆ ಅವನ ಉಸಿರಿಗೆ ಕಿವಿಗೊಟ್ಟಳು. ಅದು ಬದಲಾಗಲಿಲ್ಲ. ಈ ಸಲ ಅವನೂ ಅವಳಷ್ಟೇ ತಡವಾಗಿ ನೋಡುತ್ತಿದ್ದ.

"ಈಗ ಅಲ್ಲಿ ಹೋಗಿ ಆತು," ಎಂದ ಮೆಲ್ಲಗೆ.

ಪರದೆಯಲ್ಲಿ ಸೊನ್ನೆ ಬಂತು. ಬೆಂಕಿ ಏರಿ ಚುಕ್ಕಿಯಾಯಿತು. ಇಬ್ಬರೂ ತಲೆಯೆತ್ತಿ ಘಟ್ಟದ ಕಡೆ ನೋಡಿದರು. ಏನೂ ಕಾಣಲಿಲ್ಲ, ಕಾಣುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

"ನೇತ್ರಾ, ಮೇ ಹನ್ನೊಂದಕ್ಕೆ ನನ್ನ ಮದ್ವೆ."

"ಗೊತ್ತು. ಕಾಗದ ಟೈಪ್ ಮಾಡಿದ್ದು ನಾನೇ."

ಅವನು ಅವಳ ಕಡೆ ತಿರುಗಿದ. "ಮತ್ತೆ ಎಂತಕ್ಕೆ ಹೇಳ್ಲಿಲ್ಲ?"

"ನೀ ಹೇಳೂ ತನಕ ಕಾದೆ. ನೀ ನಂಗೆ ಕಾಯ್ತಿದ್ದೆ ಅಲ್ಲ, ಹಾಂಗೇ." ಅವಳು ಫೋನ್ ಎತ್ತಿ ಮರಳು ಒರೆಸಿದಳು. "ನಾ ರಾಕೆಟ್ ನೋಡೂಕೆ ಕೂರ್ತಿರ್ಲಿಲ್ಲ ವಿನೋದ. ನೀ ಉಸಿರು ಹಿಡಿಯೂದು ಕೇಳೂಕೆ ಕೂರ್ತಿದ್ದೆ."

ಅವನು ಅತ್ತ. ನೀನು ಒಂದು ಮಾತು ಹೇಳಿದರೆ ಈಗಲೂ ಎಲ್ಲ ಬಿಟ್ಟು ಬರುತ್ತೇನೆ ಎಂದ. ನೇತ್ರಾಗೆ ಆ ಒಂದು ಮಾತು ನಾಲಿಗೆಯ ತುದಿಯಲ್ಲೇ ಇತ್ತು.

"ಅರ್ಚನಾಗೆ ಮೆಟ್ಲು ಹತ್ತೂಕೆ ಆಗ್ತಿಲ್ಲ," ಎಂದಳು. "ಕಾಗದ ತಕಂಡು ಹೋಗೂಕೆ ಬೇರೆ ಯಾರನ್ನಾದ್ರೂ ಕಳ್ಸು."

ಜುಲೈನಲ್ಲಿ ಇನ್ನೊಂದು ಲಾಂಚ್ ಇತ್ತು. ನೇತ್ರಾ ಅಂಗಡಿಯ ಕಂಪ್ಯೂಟರಿನಲ್ಲಿ ನೇರಪ್ರಸಾರ ಹಾಕಿ, ಯಾರೂ ಇಲ್ಲದ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡಳು. ಇಪ್ಪತ್ತೈದು, ಇಪ್ಪತ್ತನಾಲ್ಕು. ಅಲ್ಲಿ ಟೆರೇಸಿನ ಮೇಲೆ ಅವನ ಪಕ್ಕ ಹೆಂಡತಿ ನಿಂತಿರಬೇಕು. ಅವನು ಯಾರಿಗೂ ಕಾಯಬೇಕಾಗಿಲ್ಲ, ಇಬ್ಬರಿಗೂ ಒಟ್ಟಿಗೇ ಕಾಣುತ್ತದೆ.

ಅವಳು ಪರದೆ ನೋಡುತ್ತ ಕೂತಳು. ರಾಕೆಟ್ ಹಾರಿದ್ದು ಈ ಸಲ ಅವಳಿಗೆ ಸೊನ್ನೆ ಬಂದ ಮೇಲೆಯೇ ಗೊತ್ತಾಯಿತು.