ತೌಡಿನ ಬಿಸ್ಕತ್ತು

“ಹಂದಿ ಸಾಕಿದೀವಿ ಅನ್ಕೊಂಡ್ರಾ? ತೌಡು ತಂದಿದೀರಲ್ಲ!”

ಬಿಬಿಯಾನಾಳ ಕೂಗಿಗೆ ಬೀದಿಯೇ ತಿರುಗಿ ನೋಡಿತು. ಬಾಗಿಲಲ್ಲಿ ನಿಂತಿದ್ದ ಆಸ್ಪತ್ರೆಯ ಕಾಂಪೌಂಡರ್ ಇನಾಸಿಯೊ ಚೀಲವನ್ನು ಎದೆಗವಚಿಕೊಂಡ.

“ನಿಮ್ಮ ತಾಯಿಗೆ... ಚರ್ಚಲ್ಲಿ ಅವರ ಕಾಲು ನೋಡ್ದೆ. ಬಾತಿದೆ...”

“ಜಪಾನಿಯರ ಆಸ್ಪತ್ರೇಲಿ ಸೊಂಟ ಬಗ್ಗಿಸಿ ಸಂಪಾದಿಸಿದ್ದು ನಮ್ಮನೆಗೆ ಬೇಡ. ನಡೀರಿ!”

ಚೀಲ ಕಿತ್ತು ಬೀದಿಗೆಸೆದಳು. ಅವನು ಕುಕ್ಕರಗಾಲಲ್ಲಿ ಕೂತು, ಚೆಲ್ಲಿದ್ದನ್ನು ಬೊಗಸೆಯಲ್ಲಿ ಬಳಿದು ತುಂಬಿಕೊಂಡು ಹೋದ.

ಯಾಕೆ ಜಗಳ ಆಡಲಿಲ್ಲ ಇವನು?...

ಮಲಯಾದ ಮಲಕ್ಕಾ ಜಪಾನಿಯರ ಕೈಗೆ ಬಿದ್ದು ಒಂದೂವರೆ ವರ್ಷವಾಗಿತ್ತು. ರೇಷನ್ನಿನ ಅಕ್ಕಿ ಹಿಡಿಯಷ್ಟು; ಮೂರು ಹೊತ್ತೂ ಮರಗೆಣಸು. ಅಪ್ಪ ದೋಣಿಯೊಂದಿಗೆ ಸಮುದ್ರದ ಪಾಲಾದ ಮೇಲೆ ತಾಯಿ, ಮಗಳು ಇಬ್ಬರೇ. ಹಿಂದೆಲ್ಲ ಕ್ರಿಸ್ಮಸ್ಸಿಗೆ ಬೆಣ್ಣೆ, ಬಾದಾಮಿ ಸುರಿದು ರವೆ ಬಿಸ್ಕತ್ತು ಮಾಡಿ ಬೀದಿಗೆಲ್ಲ ಹಂಚುತ್ತಿದ್ದ ತಾಯಿ ಲುಡೊವಿನಾ, ಬಿಬಿಯಾನಾಳ ‘ಮಾಯಿ’, ಈಗ ಗೋಡೆ ಹಿಡಿಯದೆ ಏಳಲಾರಳು.

ವಾರ ಕಳೆಯುವಷ್ಟರಲ್ಲಿ ಊತ ಹೊಟ್ಟೆಗೇರಿತು. ಮಲಗಿದರೆ ಉಸಿರು ಸಿಗದು. ಬಿಬಿಯಾನಾ ಆಸ್ಪತ್ರೆಗೆ ಓಡಿದಳು.

ಹಾಸಿಗೆ ಇರಲಿಲ್ಲ. ಔಷಧಿಯೂ ಇರಲಿಲ್ಲ. ವರಾಂಡದ ನೆಲದ ತುಂಬ ಬಾತ ಕಾಲುಗಳು... ನಡುವೆ ಇನಾಸಿಯೊ, ಒಬ್ಬ ಮುದುಕನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತೌಡಿನ ಗಂಜಿ ಕುಡಿಸುತ್ತಿದ್ದ!

“ಇವರಿಗೆಲ್ಲ ಅದೇ ಕಾಯಿಲೇನಾ?”

“ಹೂಂ, ಬೆರಿಬೆರಿ. ಬರೀ ಗೆಣಸು ತಿಂದು ಬರೋದು. ತೌಡೇ ಇದಕ್ಕೆ ಔಷಧಿ; ಅದು ಬಿಟ್ರೆ ನನ್ ಹತ್ರ ಏನೂ ಇಲ್ಲ.”

“ಅವತ್ತೇ ಯಾಕೆ ಹೇಳ್ಲಿಲ್ಲ?”

“ಹೇಳೋಕೆ ಬಿಟ್ರಾ ನೀವು?”

ಅಯ್ಯೋ ದೇವರೇ... ಮಾಯಿಯ ಜೀವವನ್ನು ನಾನೇ ಬೀದಿಗೆಸೆದೆನಾ?

ಅಂದು ಸಂಜೆಯೇ ಅವನು ತೌಡು ತಂದ. ಆದರೆ ಗಂಜಿ ಲುಡೊವಿನಾಳ ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಕುಡಿದಷ್ಟೂ ವಾಂತಿ.

ಬಿಬಿಯಾನಾ ಕಣ್ಣೊರೆಸಿಕೊಂಡು ಒಲೆಯ ಮುಂದೆ ಕೂತಳು. ರವೆಯ ಬದಲು ಹುರಿದ ತೌಡು, ಗೆಣಸಿನ ಹಿಟ್ಟು. ಬೆಣ್ಣೆಯ ಬದಲು ತೆಂಗಿನೆಣ್ಣೆ. ಮೊಟ್ಟೆಯ ಬದಲು ಕಿವುಚಿದ ಬಾಳೆಹಣ್ಣು. ಸಕ್ಕರೆ ಎಲ್ಲಿಂದ ಬರಬೇಕು? ತಾಳೆಬೆಲ್ಲ ಕೆರೆದು ಹಾಕಿ, ಮುಚ್ಚಿದ ತಟ್ಟೆಯ ಮೇಲೂ ಕೆಳಗೂ ಕೆಂಡ ಇಟ್ಟು ಬೇಯಿಸಿದಳು.

ಮೊದಲನೆಯದನ್ನು ಕಚ್ಚಿದ ಲುಡೊವಿನಾ ದವಡೆ ಹಿಡಿದುಕೊಂಡಳು. “ಇದನ್ನ ಎಸೆದ್ರೆ ಜಪಾನಿಯರೇ ಊರು ಬಿಟ್ಟು ಓಡ್ತಾರೆ ಕಣೇ!”

“ಮೆಲ್ಲಗೆ ಮಾತಾಡು ಮಾಯಿ!”

ಮೂವರೂ ನಕ್ಕರು. ಬಿಸ್ಕತ್ತು ಹೊಟ್ಟೆಯಲ್ಲಿ ನಿಂತಿತು!

ಇನಾಸಿಯೊ ದಿನವೂ ಬಂದ. ತೌಡು ಜರಡಿ ಹಿಡಿದ, ಕೆಂಡ ಊದಿದ. ಊತ ನಿಧಾನವಾಗಿ ಇಳಿಯಿತು. ಅವನ ಹೆಜ್ಜೆ ಸದ್ದಿಗೆ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತೆ? ಅವಳು ತನ್ನನ್ನೇ ಬೈದುಕೊಂಡಳು.

ಒಂದು ಮಧ್ಯಾಹ್ನ ಅವನು ಬರಿಗೈಯಲ್ಲಿ ಬಂದ.

“ನನ್ನನ್ನ ಸಯಾಂ ದೇಶಕ್ಕೆ ಕಳಿಸ್ತಿದಾರೆ. ರೈಲು ಹಳಿ ಹಾಕೋ ಕ್ಯಾಂಪಿಗೆ. ನಾಳೆ.”

ಅಲ್ಲಿಗೆ ಹೋದ ಊರಿನ ಗಂಡಸರಲ್ಲಿ ಒಬ್ಬನೂ ಮರಳಿರಲಿಲ್ಲ.

“ಬಚ್ಚಿಟ್ಕೋತೀನಿ ನಿಮ್ಮನ್ನ!”

“ಸಿಕ್ಕಿದ್ರೆ ನಿಮ್ಮಿಬ್ಬರನ್ನೂ ಎಳ್ಕೊಂಡ್ ಹೋಗ್ತಾರೆ. ಏನೂ ಮಾಡೋಕಾಗಲ್ಲ...”

ನಿಜ. ಏನೂ ಮಾಡುವ ಹಾಗಿರಲಿಲ್ಲ. ಬಿಬಿಯಾನಾ ಕೈಗಂಟಿದ ಹಿಟ್ಟು ಒರೆಸಿಕೊಂಡು ಅವನ ಎದುರು ನಿಂತಳು.

“ನನ್ನ ಮದುವೆ ಆಗ್ತೀರಾ?”

“ಹುಚ್ಚಾ ನಿಮಗೆ? ವಿಧವೆ ಆಗ್ಬಿಡ್ತೀರಿ!”

“ಮದುವೆ ಆಗದಿದ್ರೂ ಅಳೋದು ಇದ್ದೇ ಇದೆ. ಹೆಂಡ್ತಿಯಾಗೇ ಅಳ್ತೀನಿ.”

ಅವನು ಮುಖ ಮುಚ್ಚಿಕೊಂಡ. ಬೆರಳ ಸಂದಿಯಿಂದ ನೀರಿಳಿಯಿತು.

“ಮೊದಲ ದಿನ ಬೈದ್ರಲ್ಲ... ಆವತ್ತಿಂದ ನನಗೆ ನೀವೇ, ಬಿಬಿಯಾನಾ.”

ಬೆಳಿಗ್ಗೆ ಪಾದ್ರಿ ಅವಸರದಲ್ಲೇ ಮದುವೆಯ ಪ್ರಾರ್ಥನೆ ಮುಗಿಸಿದರು. ಲುಡೊವಿನಾ ಗೋಡೆ ಹಿಡಿಯದೆ ನಿಂತು ಹರಸಿದಳು. ಕೇಕಿನ ಜಾಗದಲ್ಲಿ ತೌಡಿನ ಬಿಸ್ಕತ್ತು. ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ ಬಿಬಿಯಾನಾ ಅವನ ಜೋಳಿಗೆಗೆ ಹಾಕಿದಳು.

ಲಾರಿ ಬಂತು. ಸೈನಿಕ ಕೂಗಿದ. ಅವಳು ಗಂಡನ ಅಂಗಿ ಹಿಡಿದುಕೊಂಡಳು.

“ಹೋಗ್ಬೇಡ ಅನ್ನೋಕೂ ಬಾಯಿ ಬರ್ತಿಲ್ಲ. ಅಂದ್ರೂ ಯಾರು ಕೇಳ್ತಾರೆ...”

“ಅನ್ನು ಬಿಬಿ. ನನಗೆ ಇದುವರೆಗೆ ಯಾರೂ ಹಾಗಂದಿಲ್ಲ.”

“ಹೋಗ್ಬೇಡ.”

“ಇನ್ನೊಂದ್ ಸಲ.”

“ಹೋಗ್ಬೇಡ ಕಣೋ...”